ನೀವು ಅಮೆರಿಕದಲ್ಲಿ, ಆರ್‌ಸಿ ಜಯನಗರದಲ್ಲಿ

ಒಂದು ಪ್ರಶ್ನೆ ಕೇಳ್ತೀನಿ, ಹೆಂಡತಿ ಮುಖ ನೋಡದೆ ಉತ್ತರ ಹೇಳ್ಬೇಕು. ಜಯನಗರದ ಮನೆ ಪೋರ್ಟಿಕೋದಲ್ಲಿ ಕವರ್ ಹೊದ್ಕೊಂಡು ಮಲಗಿದೆಯಲ್ಲ ನಿಮ್ಮ ಸ್ಯಾಂಟ್ರೋ, ಕೆಎ-05 ನಂಬರಿಂದು, ಅದರ ಇನ್ಶೂರೆನ್ಸ್ ಮುಗಿಯೋದು ಯಾವಾಗ? ನೋಡಿ, ಆಗಲೇ ತಲೆ ಕೆರ್ಕೊಂಡ್ರಿ! ಅದೇ ಫ್ರೀಮಾಂಟಿನ ಕ್ಯಾಮ್ರಿದು ಕೇಳಿದ್ರೆ ತಾರೀಖು ಸಮೇತ ಒಪ್ಪಿಸ್ತಿದ್ರಿ.

ಅಲ್ಲಿ ನೀವು ಭಾರೀ ಶಿಸ್ತಿನ ಮನುಷ್ಯ. ವರ್ಷ ವರ್ಷ ಅಲ್ಲಿನ ಆರ್‌ಟಿಓ ಆದ ಡಿಎಂವಿಗೆ ದುಡ್ಡು ಕಟ್ಟಿ ನಂಬರ್ ಪ್ಲೇಟಿನ ಮೂಲೆಗೆ ಹೊಸ ಸ್ಟಿಕ್ಕರ್ ಅಂಟಿಸ್ತೀರಿ. ಸ್ಮಾಗ್ ಚೆಕ್ ಇದ್ರೆ ಹತ್ತು ನಿಮಿಷ ಮುಂಚೇನೇ ಹೋಗಿ ಕೂರ್ತೀರಿ. ಬೆಂಗಳೂರಿನ ಗಾಡಿ ಮಾತು ಬಂತೋ, "ಏ, ಅದು ಓಡ್ತಾನೇ ಇಲ್ವಲ್ಲೋ, ಎಮಿಷನ್ ಟೆಸ್ಟ್ ಯಾಕೆ?" (ಓಡ್ತಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ಹೋದ ವಾರ ನಿಮ್ಮ ಭಾವಮೈದ ಅದರಲ್ಲೇ ಮಂಡ್ಯದ ಮದುವೆಗೆ ಹೋಗಿ ಬಂದ.)

ಅಲ್ಲಿನ ಅಭ್ಯಾಸ ನಿಮಗೆ, ಗೊತ್ತು. ಕ್ಯಾಲಿಫೋರ್ನಿಯಾದಲ್ಲಿ ಈ ವರ್ಷ ಗಾಡಿ ಓಡಿಸಲ್ಲ ಅಂತ ಬರೆದುಕೊಟ್ಟು ಚಿಲ್ಲರೆ ಫೀಸ್ ಕಟ್ಟಿದ್ರೆ ಪೂರ್ತಿ ರಿಜಿಸ್ಟ್ರೇಷನ್ ಫೀಸಿನ ಗೋಜಿಲ್ಲ. ಇಂಗ್ಲೆಂಡಿನಲ್ಲಿರೋ ನಿಮ್ಮ ತಮ್ಮನಿಗೆ 'ಸಾರ್ನ್' ಇದೆ. ರಸ್ತೆಗೆ ಇಳಿಸಲ್ಲ ಅಂತ ತಿಳಿಸಿದ್ರೆ ಉಳಿದ ತಿಂಗಳುಗಳ ತೆರಿಗೆ ವಾಪಸ್ ಬರುತ್ತೆ. ನಮ್ಮಲ್ಲಿ? ಲೈಫ್ ಟ್ಯಾಕ್ಸ್ ಒಂದೇ ಸಲ ಕಟ್ಟಿಬಿಟ್ಟಿದ್ದೀರಿ, ಇನ್ನು ಎಲ್ಲಾ ಮುಗೀತು ಅಂತ ಕಾಲು ಚಾಚಿ ಕೂತಿದ್ದೀರಿ.

ಸ್ವಾಮಿ, ಟ್ಯಾಕ್ಸಿಗೆ ಲೈಫ್ ಇರಬಹುದು, ಆರ್‌ಸಿಗೆ ಇರೋದು 15 ವರ್ಷ ಮಾತ್ರ. 2010ರಲ್ಲಿ ರಿಜಿಸ್ಟರ್ ಆದ ನಿಮ್ಮ ಸ್ಯಾಂಟ್ರೋದು 2025ಕ್ಕೇ ಮುಗೀತು! ವಾಯಿದೆಗೆ 60 ದಿನ ಮುಂಚಿನಿಂದ ಅರ್ಜಿ ಹಾಕೋಕೆ ಬರುತ್ತಿತ್ತು, ಕಾರಿಗೆ 5,000 ರೂಪಾಯಿ ಫೀಸು, ಇನ್ನೈದು ವರ್ಷ ನಿಶ್ಚಿಂತೆ. ಹಾಕಿಲ್ವಾ? ತಡವಾದ ಪ್ರತಿ ತಿಂಗಳಿಗೂ 500 ಸೇರಿಸ್ಕೊಳ್ಳಿ. (ಡಾಲರ್‌ಗೆ ಭಾಗಿಸಿ 'ಇಷ್ಟೇನಾ' ಅಂತ ನಗ್ಬೇಡಿ. ದುಡ್ಡು ನಿಮ್ಮದು, ಆರ್‌ಟಿಓ ಆಫೀಸಿನ ಕ್ಯೂ ಅಪ್ಪಂದು.)

ಮತ್ತೆ ರಿನ್ಯೂವಲ್ ಅಂದ್ರೆ ಬರೀ ಕಾಗದ ಅಲ್ಲ. ಇನ್‌ಸ್ಪೆಕ್ಟರು ಗಾಡಿ ನೋಡ್ಬೇಕು, ಚಾಸಿ ನಂಬರ್ ತಾಳೆ ಆಗ್ಬೇಕು. ಅದನ್ನೇನು ವಾಟ್ಸಾಪಲ್ಲಿ ತೋರಿಸ್ತೀರಾ? ಅಲ್ಲಿಗೆ ಹೋಗೋಕೆ ಮೊದಲು ಗಾಡಿ ಸ್ಟಾರ್ಟ್ ಆಗ್ಬೇಕಲ್ಲ.

ಸ್ಟಾರ್ಟ್ ಮಾಡೋ ಕೆಲಸ ಅಪ್ಪಂದು, ಪ್ರತಿ ಭಾನುವಾರ ಕಾಫಿ ಆದ್ಮೇಲೆ. ಕವರ್ ತೆಗೆದು, ಮೇಲೆ ಮಲಗಿದ್ದ ಬೆಕ್ಕಿನ ಮರಿಗಳನ್ನ ಓಡಿಸಿ, ಬಾನೆಟ್ ಎತ್ತಿ ನೋಡ್ತಾರೆ. ಇಲಿ ವೈರ್ ಕಡಿಯದಿರಲಿ ಅಂತ ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟಿದ್ದಾರೆ. (ಜನ್ಮದಲ್ಲಿ ಬೀಡಿ ಮುಟ್ಟದ ಮನುಷ್ಯ ನಿಮ್ಮ ಕಾರಿಗೋಸ್ಕರ ಅಂಗಡೀಲಿ ನಿಂತು ಹೊಗೆಸೊಪ್ಪು ಕೊಂಡರು!) ಆಮೇಲೆ ಹತ್ತು ನಿಮಿಷ ಗುರ್ ಅನ್ನಿಸಿ, ಆರಿಸಿ, ಮತ್ತೆ ಕವರ್ ಹೊದಿಸ್ತಾರೆ.

ವರ್ಷಕ್ಕೊಂದು ಯಾತ್ರೆಯೂ ಉಂಟು, ಆಯುಧಪೂಜೆ ದಿನ. ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಒಂದಡಿ ಮುಂದಕ್ಕೆ, ಒಂದಡಿ ಹಿಂದಕ್ಕೆ. ನೀವು ವಿಡಿಯೋ ಕಾಲಲ್ಲಿ ಕೈ ಮುಗೀತೀರಿ. ಅಲ್ಲಿಗೆ ಗಾಡಿ ಮೇಂಟೇನ್ ಮಾಡ್ದಂಗಾಯ್ತು, ಅಲ್ವಾ?

ಇನ್ನು ಓಟಿಪಿ ಪುರಾಣಕ್ಕೆ ಬನ್ನಿ. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಅನ್ನೋ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕ್ಸಿ, 2023ರ ನವೆಂಬರ್ 17 ಕೊನೇ ದಿನ ಅಂದ್ರು. ಮುಂದಕ್ಕೆ ಹಾಕಿದ್ರು, ಮತ್ತೂ ಹಾಕಿದ್ರು; ನಿಮ್ಮಂಥ ಸೋಮಾರಿಗಳ ಮೇಲೆ ಸರ್ಕಾರಕ್ಕೆ ಅದೆಷ್ಟು ಪ್ರೀತಿ! ಕೊನೆಗೂ ಬುಕ್ ಮಾಡೋಕೆ ಕೂತ್ರೆ ಓಟಿಪಿ ಹೋಗಿದ್ದು ಹಳೇ ನಂಬರಿಗೆ. ಆ ಸಿಮ್ಮು ಅಮ್ಮನ ಎರಡನೇ ಫೋನಲ್ಲಿ, ಫೋನು ಬೀರುವಲ್ಲಿ, ಬೀಗದ ಕೈ ಅಡುಗೆಮನೆಯಲ್ಲಿ.

ನಿಮಗೆ ರಾತ್ರಿ ಹತ್ತೂವರೆ, ಅಮ್ಮನಿಗೆ ಬೆಳಗಿನ ಹನ್ನೊಂದು. "ಅಮ್ಮಾ, ಮೆಸೇಜ್ ಬಂತಾ?" "ಇರೋ, ಒಗ್ಗರಣೆ ಸೀಯ್ತಿದೆ." "ಅಮ್ಮಾ, ಬೇಗ!" "ಬಂತಪ್ಪಾ, 'ಇಂದೇ ರೀಚಾರ್ಜ್ ಮಾಡಿ' ಅಂತಿದೆ." ಅಷ್ಟರಲ್ಲಿ ಟೈಮ್ ಔಟ್. ಎಷ್ಟು ಸಲ ಆಗಿದೆ ಹೀಗೆ? ಬೇಡ, ಹೇಳ್ಬೇಡಿ.

ಇನ್ಶೂರೆನ್ಸ್ ಕಥೆಯೂ ಹಂಗೇನೆ. ಮುಗಿದು 90 ದಿನ ದಾಟಿದ್ರೆ ವರ್ಷಗಟ್ಟಲೆ ಕ್ಲೈಮ್ ಮಾಡದೆ ಕೂಡಿಟ್ಟ ಬೋನಸ್ ಸೊನ್ನೆ, ಅದು 50 ಪರ್ಸೆಂಟ್ ಇದ್ರೂ ಸೊನ್ನೆ. ಥರ್ಡ್ ಪಾರ್ಟಿಯಾದ್ರೂ ಇಲ್ದೆ ರಸ್ತೇಲಿ ಸಿಕ್ಕಿಬಿದ್ರೆ ಮೊದಲನೇ ಸಲವೇ 2,000 ದಂಡ. ಮಂಡ್ಯದಿಂದ ಬರ್ತಾ ಭಾವಮೈದ ಯಾರಿಗಾದ್ರೂ ಗುದ್ದಿದ್ರೆ ಪರಿಹಾರದ ನೋಟೀಸು ಬರೋದು ಮಾಲೀಕರ ಹೆಸರಿಗೂ. ಮಾಲೀಕರು ಯಾರು? ಹಾಂ, ನೀವೇ. (ಸಿಗ್ನಲ್ ಜಂಪಿನ ದಂಡವೂ ನಿಮ್ಮ ಗಾಡಿ ಲೆಕ್ಕಕ್ಕೇ. 2023ರ ಫೆಬ್ರವರೀಲಿ ಅರ್ಧ ದಂಡದ ರಿಯಾಯ್ತಿ ಬಂದಾಗ ಅವನು ಎಷ್ಟು ಖುಷಿಯಾಗಿ ಹೋಗಿ ಕಟ್ಟಿಬಂದ ಕೇಳಿ.)

ಮಾರಿಬಿಡಿ ಅಂದ್ರೆ ಮಾತ್ರ ಮುಖ ಚಿಕ್ಕದಾಗುತ್ತೆ. "ಡಿಸೆಂಬರಲ್ಲಿ ಬಂದಾಗ ಓಡಾಡೋಕೆ ಬೇಕಲ್ಲ." ಹೋದ ಡಿಸೆಂಬರಲ್ಲಿ ಬಂದ್ರಲ್ಲ, ಓಡಿಸಿದ್ರಾ? ಕ್ಲಚ್ಚು ಬಿಗಿ, ಗೇರ್ ಮರ್ತೋಗಿದೆ, ಟ್ರಾಫಿಕ್ಕು ಅಂತ ಗೊಣಗಿ ಅರಮನೆ ನೋಡೋಕೂ ಕ್ಯಾಬ್ ಹತ್ತಿದ್ರಿ. ಮಾರಿದ್ರೂ ಬೋನಸ್ಸೇನೂ ಹೋಗಲ್ಲ, ಕಂಪನಿಯಿಂದ ಪತ್ರ ಬರೆಸ್ಕೊಂಡ್ರೆ ಮೂರು ವರ್ಷ ನಿಮ್ಮ ಹೆಸರಲ್ಲೇ ಇರುತ್ತೆ. ಆದ್ರೆ ನಿಮಗೆ ಬೇಕಿರೋದು ಕಾರಲ್ಲ, ನೆಂಟರು 'ಯಾವಾಗ ವಾಪಸ್ಸು?' ಅಂದಾಗ ತೋರಿಸೋಕೊಂದು ಸಾಕ್ಷಿ. ಹೌದೋ ಅಲ್ವೋ?

ಸರಿ, ಮಾರೋಕೆ ಮನಸ್ಸಿಲ್ಲ ಅಂದ್ರೆ ಫಾರಂ 29, 30ಕ್ಕೆ ಸೈನ್ ಹಾಕಿ ಅಪ್ಪನ ಹೆಸರಿಗೆ ವರ್ಗ ಮಾಡಿಸಿ. ಆಗ ಓಟಿಪಿಯೂ ಅವರ ಫೋನಿಗೇ ಬರುತ್ತೆ. ಮೊನ್ನೆ ಹೊಗೆಸೊಪ್ಪು ಬದಲಾಯಿಸ್ತಿದ್ದಾಗ ನಾನೇ ಅವರನ್ನ ಕೇಳಿದೆ. ಕೈ ಒರೆಸ್ಕೊಂಡು ಹೇಳಿದ್ರು: "ಮಾಡ್ಲಿ ನೋಡೋಣ. ಮಾರನೇ ದಿನವೇ ಗುಜರಿಗೆ ಹಾಕಿ, ಈ ಜಾಗದಲ್ಲಿ ಎರಡು ಚೇರ್ ಹಾಕ್ಕೊಂಡು ಪೇಪರ್ ಓದ್ತೀನಿ."