ಮೆಡಿಟರೇನಿಯನ್ ಕಡಲತಡಿಯ ಈಜು ಸುರಕ್ಷತೆ: ಅಕ್ಕಲಕೋಟೆಯ ಭಾವಿಯ ಪರಿಪ್ರೇಕ್ಷ್ಯದಲ್ಲಿ ಒಂದು ಪೂರ್ವಭಾವಿ ಅನುಸಂಧಾನ

ಪ್ರಸ್ತುತ ಪ್ರಬಂಧದ ಜ್ಞಾನಮೀಮಾಂಸಾತ್ಮಕ ನೆಲೆಗಟ್ಟನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸತಕ್ಕದ್ದು. ಅಧ್ಯಯನ ಕ್ಷೇತ್ರ ಸೊಲ್ಲಾಪುರ ಹಾಗೂ ಅಕ್ಕಲಕೋಟೆ. ಸದರಿ ಕ್ಷೇತ್ರದಲ್ಲಿ ಸಮುದ್ರವೇ ಇಲ್ಲವೆಂಬ ಆಕ್ಷೇಪವನ್ನು ಸಂಶೋಧಕರು ಸಗೌರವವಾಗಿ ತಳ್ಳಿಹಾಕಿದ್ದಾರೆ. ಸಮುದ್ರಸ್ನಾನದ ಅಂತಿಮ ಘಟ್ಟ ಮೈ ಒರೆಸಿಕೊಳ್ಳುವುದು. ಅದಕ್ಕೆ ಬೇಕಾದ ಟೆರ್ರಿ ಟವೆಲು ಸೊಲ್ಲಾಪುರದ ಮಗ್ಗಗಳಲ್ಲೇ ನೇಯಲ್ಪಟ್ಟು, ಭೌಗೋಳಿಕ ಸೂಚಕದ ಮಾನ್ಯತೆ ಪಡೆದು, ಹಡಗು ಹತ್ತುತ್ತದೆ. ಒದ್ದೆಯಾಗುವ ಹಕ್ಕು ಯುರೋಪಿನವರದು, ಒರೆಸುವ ಹೊಣೆ ನಮ್ಮದು. ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆಯನ್ನು ಮೈಸೂರು ರಾಜ್ಯಕ್ಕೆ ಕೊಡಿ ಎಂದಿತು. ಕಡಲತಡಿಯ ಬಗ್ಗೆ ಅದರದು ಅರ್ಥಪೂರ್ಣ ಮೌನ.

ಇನ್ನು ಉಬ್ಬರವಿಳಿತದ ಆಯಾಮ. ಜಿಬ್ರಾಲ್ಟರಿನ ಬಳಿ ಸುಮಾರು 14 ಕಿಲೋಮೀಟರ್ ಅಗಲದ ಕಿಂಡಿಯಿಂದಷ್ಟೇ ಅಟ್ಲಾಂಟಿಕ್ ಜತೆ ಬೆರೆಯುವುದರಿಂದ ಮೆಡಿಟರೇನಿಯನ್ನಿನ ಏರಿಳಿತ ಅಲ್ಪ. ಭಾವಿಯದು ಅಗಾಧ, ಕಾರಣ ಚಂದ್ರನಲ್ಲ, ತ್ರೀಫೇಸ್ ಕರೆಂಟು. ರಾತ್ರಿಯೆಲ್ಲ ಮೋಟಾರು ನೀರೆಳೆದ ಭಾವಿಗೆ ಬೆಳಗ್ಗೆ ಕಣ್ಮುಚ್ಚಿ ಹಾರಿದವನಿಗೆ ಬಂಡೆಯೇ ಎದುರಾಗುತ್ತದೆ.

ಯುರೋಪಿನ ತಡಿಯಲ್ಲಿ ಕೆಂಪು ಬಾವುಟ ಹಾರಿದರೆ ನೀರಿಗಿಳಿಯಬಾರದು. ಭಾವಿಯ ಕಟ್ಟೆಯ ಮೇಲೂ ಕೆಂಪು ಧ್ವಜವೊಂದನ್ನು ಸಂಶೋಧಕರು ದಾಖಲಿಸಿದರು. ಸಂಜೆ ಅದರ ಒಡತಿ ಬಂದು ಮಡಚಿಕೊಂಡು ಹೋದಳು. ಜೀವರಕ್ಷಕ ದಳ: ಹೊಲದ ಅಜ್ಜ. ಸಲಕರಣೆ: ಗಂಟಲು. "ಯಾರ ಮಗನಲೇ ನೀ? ಮ್ಯಾಲ ಬಾ, ನಿಮ್ಮಪ್ಪಗ ಹೇಳ್ತೀನಿ!"

ಈಸು ಕಲಿಯುವವರು ಮೂರು ಬಗೆ: ಬೆಂಡುಬದ್ಧರು, ಡಬ್ಬಿಬದ್ಧರು, ಟ್ಯೂಬುಬದ್ಧರು. ಡಬ್ಬಿಬದ್ಧರಲ್ಲಿ ಎಣ್ಣೆಡಬ್ಬಿ, ಬಣ್ಣದ ಡಬ್ಬಿ ಎಂಬ ಉಪಭೇದಗಳುಂಟು. ಬಣ್ಣದ ಡಬ್ಬಿಯಲ್ಲಿ ಮತ್ತೆ... ಸಾಕು, ಬಿಡೋಣ. ಇಂಥದ್ದನ್ನೇ ಇಡೀ ಮಧ್ಯಾಹ್ನ ಉಣಬಡಿಸಿದ ಜಲಸುರಕ್ಷತಾ ವಿಚಾರಸಂಕಿರಣವೊಂದರಲ್ಲಿ ಕೂತು ಎದ್ದು ಬಂದವನು ನಾನು. ಲೈಫ್ ಜಾಕೆಟ್ಟಿನ ಸ್ಲೈಡಿತ್ತು, ಸರ್ಫಿಂಗಿನ ಸ್ಲೈಡಿತ್ತು. ನಮ್ಮ ಭೀಮಾ ಹೊಳೆಯ ಹೆಸರೇ ಬರಲಿಲ್ಲ.

ಭೀಮೆಯಲ್ಲಿ ಮರಳು ಬಗೆದ ಗುಂಡಿಗಳಿವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದ ಹುಡುಗನ ಮುಂದಿನ ಹೆಜ್ಜೆಗೆ ನೆಲವೇ ಇರುವುದಿಲ್ಲ. ಮರಳು ಲಾರಿ ಹತ್ತಿ ಹೋಯಿತು, ಗುಂಡಿ ಅಲ್ಲೇ ಉಳಿಯಿತು. ಅದಕ್ಕೆ ಯಾವ ಬಣ್ಣದ ಬಾವುಟವೂ ಇಲ್ಲ. ಕೆಲವೆಡೆ ಈಚೆ ದಂಡೆ ಮಹಾರಾಷ್ಟ್ರ, ಆಚೆಯದು ಕರ್ನಾಟಕ. ಹೆಣ ಯಾರ ಕಡೆ ತೇಲಿತೋ ಅವರದು ಪಂಚನಾಮೆ. ಒಬ್ಬನನ್ನು ಹಿಡಿಯಲು ಇನ್ನೊಬ್ಬ ಧುಮುಕಿ ಇಬ್ಬರೂ ಹೋಗುತ್ತಾರೆ. ದಂಡೆಯ ಮೇಲೇ ನಿಂತು ಹಗ್ಗ, ಧೋತರ, ಬಾಯಿ ಬಿಗಿದ ಖಾಲಿ ಕೊಡ ಎಸೆಯಿರಿ ಎಂದು ಆ ವೇದಿಕೆಯಿಂದ ಒಬ್ಬರೂ ಹೇಳಲಿಲ್ಲ.

ಹೇಳಬೇಕಾದವರು ಸುಮ್ಮನಿದ್ದಲ್ಲಿ ವಾಟ್ಸಾಪು ಹೇಳಿತು: ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಜೀವ ಬರುತ್ತದಂತೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಾಲಕನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದರು. ನಗುವವರು ನಗಲಿ, ನನ್ನಿಂದಾಗದು. ನಮ್ಮ ಹಳ್ಳಿಗಳಿಗೆ ಮುಟ್ಟಬೇಕಾದದ್ದು ಇಷ್ಟೇ: ಹೊಟ್ಟೆ ಅದುಮಬೇಡಿ, ತಲೆಕೆಳಗು ಹಿಡಿದು ತಿರುಗಿಸಬೇಡಿ, ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರೂದಿ, ಎದೆ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಇದಕ್ಕೆ ಪರಿಪ್ರೇಕ್ಷ್ಯವೇನೂ ಬೇಡ. ಹೊಳೆಗೆ ಇಳಿಯುವ ದಾರಿಯ ಗೋಡೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ಖಾಲಿ ಡಬ್ಬಿಯನ್ನು ಹುಡುಗರಿಗೆ ಕೊಟ್ಟುಬಿಡಿ, ಮುಚ್ಚಳ ಬಿಗಿದು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ.