ಜನರೇಟರಿನ ವಾಮಕುಕ್ಷಿ

ಪುಣೆ ವಿಶ್ರಾಂತಿಯ ಬೆಲೆ ಬಲ್ಲ ಊರು. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಅಂಗಡಿಯ ಬಾಗಿಲು ತಟ್ಟುವವನು ಗಿರಾಕಿಯಲ್ಲ, ಉಪದ್ರವಿ ಎಂಬುದು ಇಲ್ಲಿನ ಹಳೇ ಪೇಠಗಳ ಸಿದ್ಧಾಂತ. ಬಾಕರವಡಿಗೆ ಹೆಸರಾದ ಚಿತಳೆ ಬಂಧುಗಳು 2017ರಲ್ಲಿ ಈ ಮಧ್ಯಾಹ್ನದ ವಾಮಕುಕ್ಷಿಯನ್ನು ಕೈಬಿಟ್ಟದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆದರೆ ಅಂಗಡಿಗಳು ಬಿಟ್ಟ ವ್ರತವನ್ನು ಬಾಣೇರ್, ವಾಕಡ್, ಖರಾಡಿಗಳ ಬಹುಮಹಡಿ ಸೊಸೈಟಿಗಳ ಹಿತ್ತಲಲ್ಲಿ ಒಬ್ಬರು ಇನ್ನೂ ನಿಷ್ಠೆಯಿಂದ ನಡೆಸುತ್ತಿದ್ದಾರೆ, ಅದೂ ಮೂರು ಗಂಟೆಯಲ್ಲ, ಹಗಲೂ ರಾತ್ರಿ. ತಗಡಿನ ಗೂಡೊಳಗೆ ಬೀಗ ಹಾಕಿಸಿಕೊಂಡು ಮಲಗಿರುವ ಆ ಮಹನೀಯರೇ ಡೀಸೆಲ್ ಜನರೇಟರು. ಅವರನ್ನು ಎಬ್ಬಿಸದಿರುವುದೇ ಉಳಿತಾಯ ಎಂದು ಕಾರ್ಯಕಾರಿ ಸಮಿತಿ ನಂಬಿದೆ. ನಾನು ನಂಬುವುದಿಲ್ಲ. ದುಡಿದು ಸತ್ತ ಜನರೇಟರು ಅಪರೂಪ, ಮಲಗಿ ಸತ್ತದ್ದೇ ಹೆಚ್ಚು ಎಂಬುದು ನನ್ನ ವಾದ.

ಈ ವಾದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಪುಣೆಯೇ ಡೀಸೆಲ್ ಇಂಜಿನ್ನಿನ ತವರು. ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಲ್ಲಿ ಹುಟ್ಟಿತು. ಕೋಥರೂಡಿನಲ್ಲಿ ಕಿರ್ಲೋಸ್ಕರ್ ಕಮಿನ್ಸ್ 1962ರಲ್ಲಿ. ಈ ಮನೆತನದ ಉದ್ಯಮಕ್ಕೆ ತಳಪಾಯ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಬೆಳಗಾವಿಯಲ್ಲಿ. ಅಷ್ಟೇ ಅಲ್ಲ, ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾದದ್ದು ಅದೇ 1946ರಲ್ಲಿ, ಬೆಂಗಳೂರಿನಲ್ಲಿ. ಹಾಗಾಗಿ ಇಂಜಿನ್ ಪುಣೆಯದು, ಅದರ ಬೆನ್ನಿಗೆ ಕಟ್ಟಿದ ಆಲ್ಟರ್ನೇಟರ್ ಬೆಂಗಳೂರಿನದು ಎಂಬಂಥ ಜೋಡಿಗಳೂ ಉಂಟು. ಮಹಾರಾಷ್ಟ್ರ-ಕರ್ನಾಟಕಗಳು ಯಾವ ಗಡಿ ಆಯೋಗದ ನೆರವೂ ಇಲ್ಲದೆ ನಿಮಿಷಕ್ಕೆ 1500 ಸುತ್ತು ಒಟ್ಟಿಗೆ ತಿರುಗುವ ಜಾಗ ಇದೊಂದೇ ಇರಬೇಕು. ಇದೇ ಕುಲದ 5 ಅಶ್ವಶಕ್ತಿಯ ಒಂಟಿ ಸಿಲಿಂಡರ್ ಇಂಜಿನ್ನುಗಳು ಅಥಣಿ, ಜಮಖಂಡಿ ಕಡೆಯ ಕಬ್ಬಿನ ಗದ್ದೆಗಳಿಗೆ ನೀರೆತ್ತುತ್ತ ಮಳೆ-ಬಿಸಿಲೆನ್ನದೆ ಬಾಳಿದವು. ಅವುಗಳಿಗೆ ತಗಡಿನ ಗೂಡಿರಲಿಲ್ಲ, ವಾರ್ಷಿಕ ಕರಾರಿರಲಿಲ್ಲ. ಇದ್ದದ್ದು ದಿನಾ ಬೆಳಗಿನ ಕೆಲಸ ಮತ್ತು ಗೋಣಿಚೀಲದ ಹೊದಿಕೆ. ಪುಣೆಯ ಜನರೇಟರ್ ಸೆಟ್ಟುಗಳಿಗೂ ಒಂದು ಸುವರ್ಣಕಾಲವಿತ್ತು. ಮಹಾರಾಷ್ಟ್ರ ಲೋಡ್‌ಶೆಡ್ಡಿಂಗಿನಲ್ಲಿ ಮುಳುಗಿದ್ದ 2006ರಲ್ಲಿ ಇಲ್ಲಿನ ಕಾರ್ಖಾನೆಗಳು ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ತಮ್ಮ ಜನರೇಟರುಗಳನ್ನೇ ಓಡಿಸಿಕೊಂಡು, ಗ್ರಿಡ್ಡಿನಲ್ಲಿ ಉಳಿದ ವಿದ್ಯುತ್ತನ್ನು ಊರಿಗೆ ಬಿಟ್ಟುಕೊಟ್ಟವು. ಹೆಚ್ಚುವರಿ ಖರ್ಚನ್ನು ದೊಡ್ಡ ಬಳಕೆದಾರರ ಬಿಲ್ಲಿಗೆ ಸಣ್ಣ ಶುಲ್ಕವಾಗಿ ಸೇರಿಸಲಾಯಿತು. ಪುಣೆ ಮಾದರಿ ಎಂದೇ ಹೆಸರಾದ ವ್ಯವಸ್ಥೆ ಅದು. ಕರೆಂಟು ಸುಧಾರಿಸಿದ ಮೇಲೆ ಜನರೇಟರಿನ ದೆಸೆ ಕೆಟ್ಟಿತು. ಈಗ ಗುರುವಾರದ ರಿಪೇರಿಗೆಂದು ಲೈನು ತೆಗೆದಾಗಲೋ ಮೊದಲ ಮಳೆಗೆ ಕೊಂಬೆ ಮುರಿದು ಬಿದ್ದಾಗಲೋ ಮಾತ್ರ ಅದರ ನೆನಪು.

ನಿದ್ದೆಯಲ್ಲಿ ಮೊದಲು ಕೆಡುವುದು ಇಂಜಿನ್ನಲ್ಲ, ಅದರ ಹೊಟ್ಟೆಯ ಎಣ್ಣೆ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಒಂದು ಪಾತ್ರೆಯಲ್ಲಿ 1000 ಲೀಟರ್, ಒಟ್ಟಾರೆ 2500 ಲೀಟರ್ ಮೀರದಷ್ಟು ಡೀಸೆಲ್ ಇಟ್ಟುಕೊಳ್ಳಲು ಪರವಾನಗಿ ಬೇಡ. ನಮ್ಮ ದೇಶದಲ್ಲಿ 990 ಲೀಟರಿನ ಟ್ಯಾಂಕು ಅಷ್ಟು ಜನಪ್ರಿಯವಾಗಿರುವ ಗುಟ್ಟು ಇದೇ. ಕಾನೂನಿಗೂ ನಮಗೂ ನಡುವೆ ಹತ್ತು ಲೀಟರಿನ ಮರ್ಯಾದೆ. ಟ್ಯಾಂಕೇನೋ ಕಾಯ್ದೆಬದ್ಧವೇ, ಆದರೆ ಅದು ಅರ್ಧ ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಣೆಯ ತೇವದ ಗಾಳಿ ಆ ಖಾಲಿ ಅರ್ಧದೊಳಗೆ ಕೂತು, ರಾತ್ರಿಯ ತಂಪಿಗೆ ಗೋಡೆಗಳ ಮೇಲೆ ಹನಿಯಾಗಿ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ನೀರೂ ಎಣ್ಣೆಯೂ ಸಂಧಿಸುವ ಗಡಿಯಲ್ಲಿ ಬ್ಯಾಕ್ಟೀರಿಯ, ಬೂಸ್ಟುಗಳು ಸಂಸಾರ ಹೂಡುತ್ತವೆ: ಕುಡಿಯಲು ನೀರು, ಉಣ್ಣಲು ಡೀಸೆಲ್, ಬಾಡಿಗೆಯೂ ಇಲ್ಲ. ಅವು ಹೆಣೆದ ಕಪ್ಪು ಲೋಳೆ, ಕರೆಂಟು ಹೋಗಿ ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡ ಆ ಒಂದು ದಿನವನ್ನೇ ಕಾದಿದ್ದು ಫಿಲ್ಟರಿಗೆ ಬಂದು ಕೂರುತ್ತದೆ. ಡೀಸೆಲನ್ನು ಉಪ್ಪಿನಕಾಯಿಯಂತೆ ಕಾಣುವುದೇ ನಮ್ಮ ಸಮಿತಿಗಳ ತಪ್ಪು. ಹಳೆಯದಾದಷ್ಟೂ ಹದಗೊಳ್ಳುವ ಭಾಗ್ಯ ಅದಕ್ಕಿಲ್ಲ, ನೀರು ಸೋಕಿದರೆ ಕೆಡುವ ಗುಣವೊಂದು ಮಾತ್ರ ಎರಡಕ್ಕೂ ಸಮಾನ. ಈ ಜಾತಿಯ ಇಂಜಿನ್ನಿಗೆ ತಿಂಡಿಪೋತತನ ಇಲ್ಲವೆಂದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆ ಕುಡಿದು ಓಡಿ ತೋರಿಸಿತ್ತು. ಅದು ಬೇಡವೆನ್ನುವುದು ನೀರನ್ನು ಮಾತ್ರ. ಹಾಯಿದೋಣಿಯಲ್ಲಿ ಸಾಗರ ಸುತ್ತುವವರು ಇದನ್ನು ಚೆನ್ನಾಗಿ ಬಲ್ಲರು. ದೋಣಿ ಓಡುವುದು ಗಾಳಿಯಿಂದಾದರೂ ದೀಪ, ರೇಡಿಯೊ, ಬ್ಯಾಟರಿಗಳಿಗೆ ಡೀಸೆಲ್ ಬೇಕು. ಟ್ಯಾಂಕಿನ ತಳದ ಕೆಸರನ್ನು ಅಲೆಗಳೇ ಕಲಕಿ ಫಿಲ್ಟರಿಗೆ ಕಳಿಸುವುದರಿಂದ, ಎರಡೆರಡು ಫಿಲ್ಟರು ಜೋಡಿಸಿಕೊಂಡು, ಒಂದು ಕಟ್ಟಿಕೊಂಡರೆ ಇನ್ನೊಂದಕ್ಕೆ ತಿರುಗಿಸಿ, ಕೆಳಗಿನ ಗಾಜಿನ ಬಟ್ಟಲಲ್ಲಿ ನೀರು ಕಂಡೀತೇ ಎಂದು ದಿನವೂ ಇಣುಕುತ್ತಾರೆ. ನಡುಸಮುದ್ರಕ್ಕೆ ಮೆಕ್ಯಾನಿಕ್ ಬರುವುದಿಲ್ಲ. ಮಳೆಗಾಲದ ಶನಿವಾರ ಸಂಜೆ ವಾಕಡ್‌ಗೂ ಅವನು ಬರುವುದಿಲ್ಲ, ಆದರೆ ಈ ಸತ್ಯ ನಮಗಿನ್ನೂ ಮನದಟ್ಟಾಗಿಲ್ಲ.

ಇಲ್ಲಿ ಕಾರ್ಯದರ್ಶಿಗಳು ಕೈ ಎತ್ತುತ್ತಾರೆ: ನಾವು ಪ್ರತಿ ವಾರ ಐದು ನಿಮಿಷ ಸ್ಟಾರ್ಟ್ ಮಾಡಿಸುತ್ತೇವಲ್ಲ! ನನ್ನ ಮಟ್ಟಿಗೆ ಇದು ಸುಮ್ಮನೆ ಬಿಡುವುದಕ್ಕಿಂತ ಒಂದು ಕೈ ಮೇಲಾದ ಹಿಂಸೆ. ನಿಂತ ಇಂಜಿನ್ನಿನ ಭಾಗಗಳ ಮೇಲಿಂದ ಆಯಿಲು ಇಳಿದುಹೋಗಿರುತ್ತದೆ, ಹಾಗಾಗಿ ಸವೆತ ಹೆಚ್ಚಾಗುವುದು ಶುರುವಿನ ಕ್ಷಣಗಳಲ್ಲೇ. ಐದು ನಿಮಿಷದ ಓಟದಲ್ಲಿ ಆ ಸವೆತ ಪೂರ್ತಿ ಸಿಗುತ್ತದೆ, ಬಿಸಿ ಮಾತ್ರ ಸಿಗುವುದಿಲ್ಲ. ಲೋಡಿಲ್ಲದೆ ಓಡುವ ಇಂಜಿನ್ನಿನಲ್ಲಿ ಒತ್ತಡ ಕಮ್ಮಿ. ಒತ್ತಡವಿಲ್ಲದೆ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಮಸಿಯೊಂದಿಗೆ ಬೆರೆತು ಹೊಗೆಕೊಳವೆಯಲ್ಲಿ ಟಾರಿನಂತೆ ಜಿನುಗುತ್ತದೆ. ಬ್ಯಾಟರಿಯ ಚಾರ್ಜರ್ ಕೆಟ್ಟಿದ್ದರಂತೂ ಸೆಲ್ಫ್ ಹೊಡೆದಾಗ ಖರ್ಚಾದದ್ದನ್ನು ತುಂಬಿಕೊಳ್ಳಲೂ ಆ ಐದು ನಿಮಿಷ ಸಾಲದು. ಅಮೆರಿಕದ ಅಗ್ನಿಸುರಕ್ಷತಾ ಸಂಘದ 110ನೇ ಮಾನದಂಡ ತುರ್ತು ಸೆಟ್ಟುಗಳಿಗೆ ಹೇಳುವುದು ಬೇರೆಯೇ: ತಿಂಗಳಿಗೊಮ್ಮೆ, 30 ನಿಮಿಷ, ಸಾಮರ್ಥ್ಯದ ಶೇ. 30ಕ್ಕೆ ಕಡಿಮೆಯಿಲ್ಲದ ಲೋಡಿನ ಮೇಲೆ. ಅಷ್ಟು ಲೋಡು ತರುವುದೆಲ್ಲಿಂದ ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಮಾಹಿತಿಪುಸ್ತಕದಲ್ಲಿ ನೂರಕ್ಕೆ ನೂರು ಪವರ್ ಬ್ಯಾಕಪ್ ಎಂದು ಅಚ್ಚು ಹಾಕಿಸುವ ಬಿಲ್ಡರು ಬೇಕಾದದ್ದಕ್ಕಿಂತ ದೊಡ್ಡ ಸೆಟ್ಟನ್ನೇ ತಂದು ಕೂರಿಸಿರುತ್ತಾನೆ. ಎರಡು ಲಿಫ್ಟು, ನಾಲ್ಕು ಮೆಟ್ಟಿಲು ದೀಪ ಅದಕ್ಕೆ ಯಾವ ಮೂಲೆಗೂ ಸಾಲವು. ಮೇಲಿನ ಟ್ಯಾಂಕಿಗೆ ನೀರೆತ್ತುವ ಹೊತ್ತು ನೋಡಿ ಎಲ್ಲ ಪಂಪುಗಳನ್ನೂ ಕೂಡಿ ಓಡಿಸಿ. ಅದೂ ಸಾಲದಿದ್ದರೆ ವರ್ಷಕ್ಕೊಮ್ಮೆ ಲೋಡ್ ಬ್ಯಾಂಕ್ ಎಂಬ ದೈತ್ಯ ಹೀಟರನ್ನು ಬಾಡಿಗೆಗೆ ತನ್ನಿ.

ಖಜಾಂಚಿಗಳ ಆಕ್ಷೇಪ ದುಡ್ಡಿನದು. ಅದಕ್ಕೆ ಉತ್ತರ ಗಣಿತದಲ್ಲೇ ಇದೆ. 125 ಕೆವಿಎ ಸೆಟ್ಟು ಅರ್ಧ ಲೋಡಿನಲ್ಲಿ ಅರ್ಧ ಗಂಟೆ ಓಡಿದರೆ ಏಳೆಂಟು ಲೀಟರ್ ಡೀಸೆಲ್, ಲೀಟರಿಗೆ ತೊಂಬತ್ತರ ಆಸುಪಾಸಿನ ದರದಲ್ಲಿ ಏಳುನೂರು ರೂಪಾಯಿ. ನೂರು ಮನೆಯ ಸೊಸೈಟಿಯಲ್ಲಿ ಮನೆಗೆ ಏಳು ರೂಪಾಯಿ. ಈ ಊರಲ್ಲಿ ಒಂದು ಕಟಿಂಗ್ ಚಹಾ ಅಷ್ಟಕ್ಕೆ ಸಿಗುವುದು ಕಷ್ಟ. ಫ್ಯೂಯೆಲ್ ಪಂಪು, ಇಂಜೆಕ್ಟರುಗಳ ರಿಪೇರಿಯ ಬಿಲ್ಲು ಐದಂಕಿಗೆ ಸಲೀಸಾಗಿ ಏರುತ್ತದೆ. ಇನ್ನು ಎಎಂಸಿ ಇದೆಯಲ್ಲ ಎಂಬ ಸಮಾಧಾನ. ವಾರ್ಷಿಕ ಕರಾರಿನವನು ಬರುತ್ತಾನೆ, ಬಿ-ಚೆಕ್ ಎಂಬ ನಿಗದಿತ ತಪಾಸಣೆ ಮುಗಿಸುತ್ತಾನೆ, ಆಯಿಲು ಫಿಲ್ಟರು ಬದಲಿಸಿ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅವನ ಕರಾರು ಇಂಜಿನ್ನಿನ ಜೊತೆ. ಟ್ಯಾಂಕಿನ ತಳದಲ್ಲಿರುವ ನೀರು ಯಾರ ಕರಾರಿನಲ್ಲೂ ಇರುವುದಿಲ್ಲ.

ಹೊಗೆ ಮತ್ತು ಸದ್ದಿನ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ, ಅರ್ಧ. ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ಈಚೆಗೆ ಜಾರಿಗೆ ಬಂದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಮಾನದಂಡದ ದೊಡ್ಡ ಸೆಟ್ಟುಗಳು ಹೊಗೆ ತೊಳೆಯಲು ಯೂರಿಯಾ ದ್ರಾವಣವನ್ನೂ ಕೇಳುತ್ತವೆ. ಆ ದ್ರಾವಣಕ್ಕೂ ಆಯುಸ್ಸುಂಟು, ಅದೂ ಕೂತು ಕೆಡುತ್ತದೆ; ಅಂದರೆ ಹೊಸ ಸೆಟ್ಟನ್ನು ಮಲಗಿಸಿದವರಿಗೆ ಎರಡೆರಡು ನಷ್ಟ. ಲೋಡಿನಲ್ಲಿ ಬಿಸಿಯಾಗಿ ಓಡುವ ಇಂಜಿನ್ನು ಅರೆನಿದ್ದೆಯಲ್ಲಿ ಕೆಮ್ಮುವ ಇಂಜಿನ್ನಿಗಿಂತ ಶುಭ್ರವಾಗಿ ಉರಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೌರಫಲಕ, ಲಿಥಿಯಂ ಬ್ಯಾಟರಿಗಳು ಬಂದು ಈ ತಾಪತ್ರಯವನ್ನೇ ಮುಗಿಸುತ್ತವೆ ಎನ್ನುವವರೊಡನೆ ಜಗಳವಿಲ್ಲ. ಮೆಟ್ಟಿಲ ದೀಪಕ್ಕೂ ಒಂದೆರಡು ಗಂಟೆಯ ಲಿಫ್ಟಿಗೂ ಅವು ಸಾಕು. ಹಾಗೆ ಬದಲಿಸುವ ಶಕ್ತಿಯಿದ್ದ ಸೊಸೈಟಿ ಇವತ್ತೇ ಬದಲಿಸಲಿ, ಡೀಸೆಲ್ ಸೆಟ್ಟನ್ನು ಮಾರಲಿ. ಬ್ಯಾಟರಿಯೂ ಬೇಕು, ಜನರೇಟರೂ ಇರಲಿ, ಆದರೆ ಅದನ್ನು ಮುಟ್ಟುವುದು ಬೇಡ ಎಂಬ ಮೂರನೆಯ ದಾರಿಯನ್ನು ಮಾತ್ರ ಹಿಡಿಯಬಾರದು.

ಓದುಗರಲ್ಲಿ ಯಾರಾದರೂ ಸಮಿತಿಯಲ್ಲಿದ್ದರೆ ಒಂದು ವಿನಂತಿ. ಬರುವ ತಿಂಗಳು ಟ್ಯಾಂಕಿನ ತಳದ ಕಾಕು ತಿರುಗಿಸಿ ಗಾಜಿನ ಬಾಟಲಿಗೆ ಒಂದಿಷ್ಟು ಇಳಿಸಿ ನೋಡಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಅದು ಹೋಗುವವರೆಗೂ ಬಸಿಯಿರಿ. ಆಮೇಲೆ ಪಂಪುಗಳನ್ನೆಲ್ಲ ಹಾಕಿ ಅರ್ಧ ಗಂಟೆ ಓಡಿಸಿ. ಈ ವಿಷಯವನ್ನು ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಪಾರ್ಕಿಂಗಿಗಿಂತ ಮೊದಲೇ ಇಡಿ. ಪಾರ್ಕಿಂಗಿನ ನಂತರ ಇಟ್ಟರೆ ಕೋರಂ ಉಳಿದಿರುವುದಿಲ್ಲ.