ಮೈಕುರಾಯರು

ಒಂದು ಅಶ್ವತ್ಥಕಟ್ಟೆ, ಒಂದು ಹಿಟ್ಟಿನ ಗಿರಣಿ, ಕೇಳದಿದ್ದರೂ ಜಾತಕ ನೋಡಿ ಫಲ ಹೇಳುವ ಒಬ್ಬ ಹಿರಿಯರು, ಇವು ಹೇಗೆ ಹಳೆಯ ಬಡಾವಣೆಗಳ ಅವಿಭಾಜ್ಯ ಅಂಗಗಳೋ ಹಾಗೆಯೇ ಈಚೆಗೆ ಬೀದಿಗೊಬ್ಬರು ಮೈಕುರಾಯರೂ ಉದಯಿಸಿದ್ದಾರೆ. ಅವರ ನಾಮಕರಣದ ಹೆಸರು ಬೀದಿಯಿಂದ ಬೀದಿಗೆ ಭಿನ್ನವಾಗಿರಬಹುದು. ಲಕ್ಷಣಗಳು ಮಾತ್ರ ಎಲ್ಲೆಡೆಯೂ ಒಂದೇ: ವಯಸ್ಸು ಅರುವತ್ತನ್ನು ದಾಟಿರುವುದು, ಪಿಂಚಣಿಯು ತಪ್ಪದೆ ಬರುವುದು, ಮಕ್ಕಳು ಸಮುದ್ರದಾಚೆ ನೆಲೆಸಿರುವುದು, ಮತ್ತು ಲೋಕವು ಇದುವರೆಗೆ ಗುರುತಿಸದೆ ಬಿಟ್ಟ ಒಂದು ಮಾಧುರ್ಯವು ತಮ್ಮ ಕಂಠದಲ್ಲಿ ಹುದುಗಿದೆಯೆಂಬ ಅಚಲವಾದ ಶ್ರದ್ಧೆ. ಬಸವನಗುಡಿಯ ನಮ್ಮ ಬೀದಿಯ ರಾಯರನ್ನು ನಾನು ಬಹುಕಾಲದಿಂದ ಬಲ್ಲೆನಾದುದರಿಂದ, ಆ ಕುಲಕ್ಕೆಲ್ಲ ಅವರನ್ನೇ ಮಾದರಿಯಾಗಿಟ್ಟುಕೊಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ರಾಯರ ಸಂಗೀತವು ಹುಟ್ಟಿದ್ದು ಬಚ್ಚಲುಮನೆಯಲ್ಲಿ. ಮೂವತ್ತೈದು ವರ್ಷಗಳ ಕಾಲ ಲೆಕ್ಕತನಿಖೆಯ ಕಚೇರಿಯಲ್ಲಿ ಪರರ ಖರ್ಚುಗಳಿಗೆ ಆಕ್ಷೇಪಣೆ ಬರೆಯುತ್ತ ಸವೆದ ಆ ಜೀವಕ್ಕೆ, ಪ್ರಾತಃಕಾಲದ ಸ್ನಾನವೊಂದೇ ಸ್ವಾತಂತ್ರ್ಯದ ಸಮಯವಾಗಿದ್ದಿತು. ಆರಡಿ ಅಗಲದ ಆ ಕೋಣೆಯಲ್ಲಿ, ನುಣುಪಾದ ಟೈಲ್ಸ್ ಗೋಡೆಗಳ ನಡುವೆ, ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಓಡುವ ನಾದವು ಈ ಗೋಡೆಗೆ ತಾಗಿ ಆ ಗೋಡೆಗೆ ಚಿಮ್ಮಿ, ಹತ್ತಾರು ಬಾರಿ ಮರಳಿ ಬಂದು ಕಿವಿಯನ್ನು ಸೇರುವಷ್ಟರಲ್ಲಿ, ಸಾಧಾರಣವಾದ ದೇವರನಾಮವೂ ಗರ್ಭಗುಡಿಯ ಗಾಂಭೀರ್ಯವನ್ನು ಪಡೆದುಬಿಡುತ್ತಿದ್ದಿತು. ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಅಡಿಗೆಮನೆಯಿಂದ ಅವರ ಶ್ರೀಮತಿಯವರು, "ರೀ, ಎಷ್ಟು ಹೊತ್ತು ಸ್ನಾನ ಮಾಡ್ತೀರಿ? ಬಿಸಿನೀರೆಲ್ಲ ಮುಗಿದುಹೋಗುತ್ತೆ!" ಎಂದು ಕೂಗಿ ಕಚೇರಿಗೆ ಮಂಗಳ ಹಾಡಿಸುತ್ತಿದ್ದರು.

ನಿವೃತ್ತಿಯ ಮರುವಾರವೇ ರಾಯರು ಹತ್ತು ದೇವರನಾಮಗಳನ್ನು ಮುದ್ರಿಸಿ ಅಮೆರಿಕೆಯ ಮೊಮ್ಮಕ್ಕಳಿಗೆ ಕಳುಹಿಸಬೇಕೆಂದು ಸಂಕಲ್ಪಮಾಡಿದರು. ನಡುಮನೆಯಲ್ಲಿ ಕುಳಿತು ಮೊಬೈಲಿನ ಮುಂದೆ ಹಾಡಿದರು, ಕೇಳಿದರು, ಕೇಳಿ ಬಿಳಿಚಿಕೊಂಡರು. "ಇದು ನನ್ನ ಧ್ವನಿಯಲ್ಲ" ಎಂದರು. ನಾವು ಮಾತನಾಡುವಾಗ ನಮ್ಮ ಧ್ವನಿಯು ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಯ ಮೂಳೆಗಳ ಮೂಲಕವೂ ಕಿವಿಗೆ ಸೇರುವುದೆಂದೂ, ಮೂಳೆಯ ದಾರಿಯಲ್ಲಿ ಬರುವ ಮಂದ್ರಸ್ವರಗಳು ಯಂತ್ರಕ್ಕೆ ದೊರೆಯದೆ ಹೋಗುವುದರಿಂದ ನಮ್ಮ ಕಂಠವು ನಮಗೇ ತೆಳ್ಳಗೆ ಕೇಳಿಸುವುದೆಂದೂ ನಾನು ವಿನಯದಿಂದ ನಿವೇದಿಸಿಕೊಂಡೆ. ರಾಯರು ಕನ್ನಡಕವನ್ನು ಹಣೆಗೇರಿಸಿ ಕ್ಷಣಕಾಲ ಚಿಂತಿಸಿ, "ಹಾಗಾದರೆ ಮೂಳೆಯ ಧ್ವನಿಯನ್ನೂ ಹಿಡಿಯುವ ಮೈಕು ಯಾವ ಅಂಗಡಿಯಲ್ಲಿ ಸಿಗುತ್ತದೆ?" ಎಂದು ಕೇಳಿದರು. ಆ ಪ್ರಶ್ನೆಯೊಡನೆ ಅವರ ಗಾಯಕಜೀವನವು ಮುಗಿದು ಮೈಕುಜೀವನವು ಆರಂಭವಾಯಿತು.

ಇತರರಾಗಿದ್ದರೆ ಅಂಗಡಿಗೆ ಹೋಗುತ್ತಿದ್ದರು; ರಾಯರು ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೊಂಡರು. ಅದರಲ್ಲಿ ಮೈಕಿನ ಹೆಸರು, ಬೆಲೆ, ಜಾತಿ, ಕಂಪನವ್ಯಾಪ್ತಿ, ಷರಾ ಎಂದು ಕೆಂಪು ಶಾಯಿಯಲ್ಲಿ ಅಂಕಣಗಳನ್ನು ಎಳೆದರು. ಅಯಸ್ಕಾಂತದ ನಡುವೆ ಸಣ್ಣ ತಂತಿಸುರುಳಿಯು ಅಲುಗಿ ವಿದ್ಯುತ್ತನ್ನು ಹುಟ್ಟಿಸುವ ಡೈನಮಿಕ್ ಮೈಕುಗಳು ಒಂದು ಪುಟದಲ್ಲಿ, ಕೂದಲಿಗಿಂತ ತೆಳುವಾದ ಪೊರೆಯು ನಡುಗಿ ನಾದವನ್ನು ಹಿಡಿಯುವ ಕಂಡೆನ್ಸರ್ ಮೈಕುಗಳು ಮತ್ತೊಂದು ಪುಟದಲ್ಲಿ. ಎರಡನೆಯ ಜಾತಿಯನ್ನು ವೆಂಟೆಯೆಂಬ ಅಮೆರಿಕನ್ ವಿಜ್ಞಾನಿಯು 1916ರಲ್ಲಿ ರೂಪಿಸಿದನೆಂಬ ಸಂಗತಿಯನ್ನು ಅವರು ತರಕಾರಿಯವನಿಗೂ ತಿಳಿಸದೆ ಬಿಡಲಿಲ್ಲ. ಒಮ್ಮೆ ನಾನು, ಶೂರ್ ಸಂಸ್ಥೆಯವರು 1966ರಲ್ಲಿ ಹೊರತಂದು ಇಂದಿಗೂ ಜಗತ್ತಿನ ವೇದಿಕೆಗಳಲ್ಲೆಲ್ಲ ಗಾಯಕರ ಮುಂದೆ ಕಾಣಿಸಿಕೊಳ್ಳುವ ಎಸ್‌ಎಂ 58 ಎಂಬ ಮೈಕನ್ನು ಕೊಂಡು ಈ ಜಂಜಾಟವನ್ನು ಮುಗಿಸಬಾರದೇಕೆ ಎಂದೆ. ರಾಯರು ಪುಸ್ತಕವನ್ನು ತೆರೆದು ಕೆಂಪು ಗೆರೆಯ ಮೇಲೆ ಬೆರಳಿಟ್ಟರು. ಮನುಷ್ಯನ ಕಿವಿಯು 20,000 ಹರ್ಟ್ಸ್‌ವರೆಗೆ ಕೇಳಬಲ್ಲುದಷ್ಟೆ? ಈ ಮೈಕಿನ ವ್ಯಾಪ್ತಿಯು 15,000ಕ್ಕೇ ನಿಲ್ಲುವುದಷ್ಟೆ? "ಐದು ಸಾವಿರ ಖೋತಾ! ಇಂಥ ಲೆಕ್ಕಕ್ಕೆ ನಾನು ಸಹಿ ಹಾಕುವುದೆಂತು?" ಎಂದರು. ಆ 20,000 ಹದಿಹರೆಯದ ಕಿವಿಯ ಭಾಗ್ಯವೆಂದೂ, ಅರುವತ್ತಾರರ ಕಿವಿಗೆ ಹತ್ತು ಹನ್ನೆರಡು ಸಾವಿರದಿಂದಾಚೆಗೆ ಸಾಮಾನ್ಯವಾಗಿ ಮೌನವೇ ಕೇಳಿಸುವುದೆಂದೂ ಹೇಳಲು ನನಗೆ ಧೈರ್ಯವಾಗಲಿಲ್ಲ. ಹೇಳಿದ್ದರೆ ಆ ಖೋತಾವನ್ನು ನನ್ನ ತಲೆಗೆ ಕಟ್ಟುತ್ತಿದ್ದರು.

ಕೊನೆಗೊಂದು ಶುಭಮುಹೂರ್ತದಲ್ಲಿ ಎಸ್.ಪಿ. ರಸ್ತೆಯ ಯಾತ್ರೆಯು ಪ್ರಾರಂಭವಾಯಿತು. ವ್ಯಾಪಾರಿಗಳು ಬಾಗಿಲಿನಿಂದಾಚೆಗೂ ತಂತಿಯ ಸುರುಳಿಗಳನ್ನು ಹರಡಿಕೊಂಡು ಕುಳಿತಿರುವ ಆ ಸಂದಣಿಯಿಂದ, ಸಾವಿರ ರೂಪಾಯಿಯೊಳಗಿನ ಕಾಲರ್ ಮೈಕೊಂದು ಮೊದಲು ಮನೆಗೆ ಬಂದಿತು. ಅದನ್ನು ಗಂಜಿಹಾಕಿದ ಜುಬ್ಬಕ್ಕೆ ಸಿಕ್ಕಿಸಿಕೊಂಡು ರಾಯರು ಭಕ್ತಿಪರವಶರಾಗಿ ತಲೆದೂಗಿದಷ್ಟೂ, ಮುದ್ರಣದಲ್ಲಿ ಯಾರೋ ತರಗೆಲೆಗಳ ಮೇಲೆ ನಡೆದಾಡುತ್ತಿರುವಂತೆ ಸದ್ದು ಕೇಳಿಸಿತು. ಅದರ ಹಿಂದೆಯೇ ಕಂಡೆನ್ಸರ್ ಬಂದಿತು, ಅದಕ್ಕೊಂದು ಇಂಟರ್‌ಫೇಸ್ ಪೆಟ್ಟಿಗೆ ಬಂದಿತು, ಅವೆರಡನ್ನೂ ಕೂಡಿಸಲು ಮೂರು ಕಡ್ಡಿಗಳ ಎಕ್ಸ್‌ಎಲ್‌ಆರ್ ತಂತಿ ಬಂದಿತು. ಈ ಜಾತಿಯ ಮೈಕು ಪಾನೀಯವಿಲ್ಲದೆ ಪಾಡದ ವಿದ್ವಾಂಸನಂತೆ, ಅದೇ ತಂತಿಯ ಮೂಲಕ 48 ವೋಲ್ಟಿನ ಆಹಾರವು ಪೆಟ್ಟಿಗೆಯಿಂದ ಬಂದಲ್ಲದೆ ಬಾಯಿ ಬಿಡದು. ಬೇರೊಂದು ತಂತಿಯಿಲ್ಲದೆ ಅಗೋಚರವಾಗಿ ಹರಿಯುವುದರಿಂದ ಅದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ಫ್ಯಾಂಟಮ್ ಎಂದರೆ ಭೂತವೆಂದು ತಿಳಿದ ಶ್ರೀಮತಿಯವರು, "ಇಷ್ಟು ದಿನ ದುಡ್ಡು ಹೋಗ್ತಿತ್ತು, ಈಗ ಭೂತವೂ ಬಂತೇ?" ಎಂದು ಒಳಕ್ಕೆ ನಡೆದರು.

ಕಂಡೆನ್ಸರ್ ಮೈಕಿನ ದೋಷವು ಅದರ ಗುಣವೇ. ಅದು ಧರ್ಮರಾಯನಂಥ ಸಾಕ್ಷಿ, ಕೇಳಿದ್ದನ್ನೆಲ್ಲ ಹೇಳಿಬಿಡುವುದು. ರಾಯರು ಕಣ್ಮುಚ್ಚಿ ಹಾಡಿದ ಆರು ನಿಮಿಷಗಳಲ್ಲಿ, ಕಸದ ಗಾಡಿಯ ಹಾಡು, ಪಕ್ಕದ ಮನೆಯ ಮಿಕ್ಸಿ, ಫ್ಯಾನಿನ ಕಿರಲು, ಎರಡು ಕಾಗೆಗಳ ಸಂವಾದ, ಮತ್ತು ಮೂರು ಕೂಗು ಕೂಗಿದ ಕುಕ್ಕರು, ಇವೆಲ್ಲವೂ ಅಕ್ಷರಶಃ ದಾಖಲಾದವು. ದಾಸರ ಪದದ ಕೊನೆಗೆ ಪುರಂದರರ ಅಂಕಿತವು ಬಂದಾಗಲಂತೂ, 'ಪು' ಎಂಬ ಅಕ್ಷರದೊಡನೆ ಹೊರಟ ಉಸಿರು ಪೊರೆಗೆ ಅಪ್ಪಳಿಸಿ ದೀಪಾವಳಿಯ ಲಕ್ಷ್ಮೀಪಟಾಕಿಯಂತೆ ಸಿಡಿಯಿತು. ಅಭಿಪ್ರಾಯಕ್ಕಾಗಿ ಆಹ್ವಾನಿತರಾಗಿದ್ದ ಹಿಂದಿನ ಬೀದಿಯ ಮೃದಂಗದ ವಿದ್ವಾಂಸರು ಕಾಫಿಯನ್ನು ಪೂರೈಸಿ, ಬಹಳ ಹೊತ್ತು ಯೋಚಿಸಿ, "ಕುಕ್ಕರಿನ ಶ್ರುತಿಶುದ್ಧಿ ಚೆನ್ನಾಗಿದೆ; ಮೂರನೆಯ ಕೂಗಿನಲ್ಲಿಯೂ ಅದು ಎಳ್ಳಷ್ಟೂ ಇಳಿದಿಲ್ಲ" ಎಂದು ನುಡಿದು ನಮಸ್ಕರಿಸಿ ಹೊರಟುಹೋದರು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯು ಈ ಘಟ್ಟದಲ್ಲಿ ಓದುಗರ ನಾಲಗೆಯ ತುದಿಗೆ ಬಂದಿರಬಹುದು. ಆದರೆ ನಮ್ಮ ರಾಯರ ವಿಷಯದಲ್ಲಿ ಗಾದೆಯೇ ತಲೆಕೆಳಗಾಗಿದ್ದಿತು: ಇಲ್ಲಿ ನೆಲವು ನಿಜವಾಗಿಯೂ ಡೊಂಕು, ಅವರು ಮೂರು ವರ್ಷಗಳಿಂದ ಬೈಯುತ್ತಿದ್ದುದು ಗೆಜ್ಜೆಯನ್ನು. ಇದನ್ನು ಕಂಡುಹಿಡಿದವನು ಸ್ಟುಡಿಯೋ ಒಂದರಲ್ಲಿ ಸಹಾಯಕನಾಗಿ ದುಡಿಯುವ ಎದುರುಮನೆಯ ಹುಡುಗ. ಅವನು ಮೈಕಿನ ಕಡೆ ನೋಡಲೇ ಇಲ್ಲ. ನಡುಮನೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಬರಿಯ ಗೋಡೆ, ಮೊಸಾಯಿಕ್ ನೆಲ, ಗಾಜಿನ ಕಿಟಕಿಗಳಿಂದ ಆ ಚಪ್ಪಾಳೆಯು ಠಣಠಣನೆ ಮರಳಿತು. "ಅಂಕಲ್, ಇಲ್ಲಿ ಲಕ್ಷ ರೂಪಾಯಿಯ ಮೈಕಿಟ್ಟರೂ ಇದೇ ಕೇಳಿಸೋದು" ಎಂದು ಅವನು ತೀರ್ಪಿತ್ತ. ದೂರದ ಸದ್ದಿಗೆ ಅಷ್ಟಾಗಿ ಕಿವಿಗೊಡದ ಅಗ್ಗದ ಡೈನಮಿಕ್ ಮೈಕೊಂದು ಸಾಕೆಂದೂ, ಅದು ಹೃದಯದ ಆಕಾರದಲ್ಲಿ ಮುಂದಿನದನ್ನು ಕೇಳಿ ಬೆನ್ನಿನ ಕಡೆಯದನ್ನು ಉಪೇಕ್ಷಿಸುವುದರಿಂದ ಅದರ ಬೆನ್ನನ್ನು ಅಡಿಗೆಮನೆಗೆ ತಿರುಗಿಸಬೇಕೆಂದೂ, ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಬೇಕೆಂದೂ, ಗೋಡೆಗಳ ಬಾಯಿಯನ್ನು ಬಟ್ಟೆಯಿಂದ ಮುಚ್ಚಬೇಕೆಂದೂ ಬೋಧಿಸಿದ. ನಾನೂ ಸಮಯ ನೋಡಿ, 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ಮುದ್ರಿಸಿದಾಗ ಧ್ವನಿಮುದ್ರಣಕ್ಕೆ ಮೈಕಿನ ಬಳಕೆಯೇ ಇರಲಿಲ್ಲವೆಂದೂ, ಆಕೆ ಒಂದು ತುತ್ತೂರಿಯೊಳಕ್ಕೆ ಹಾಡಿದಳೆಂದೂ, ಮುದ್ರಣಕ್ಕೆ ವಿದ್ಯುತ್ತು ಬಂದುದು 1925ರಲ್ಲೆಂದೂ ಜ್ಞಾಪಿಸಿದೆ. ರಾಯರು ಪುಸ್ತಕವನ್ನು ಬಿಚ್ಚಿ, "ಆ ತುತ್ತೂರಿ ಯಾವ ಅಂಗಡಿಯಲ್ಲಿ ಸಿಗುತ್ತದೆ?" ಎಂದರು.

ಹುಡುಗನು ಆರಿಸಿದ ಮುದ್ರಣಶಾಲೆಯು ಮಲಗುವ ಕೋಣೆಯ ಗೋಡೆಬೀರು. ಎಡಬಲಗಳಲ್ಲಿ ಶ್ರೀಮತಿಯವರ ರೇಷ್ಮೆಸೀರೆಗಳು, ಬೆನ್ನ ಹಿಂದೆ ಹಗ್ಗಕ್ಕೆ ಹಾಕಿದ ಎರಡು ಕೌದಿಗಳು, ಮೂಗಿನ ತುಂಬ ನುಸಿಗುಳಿಗೆಯ ವಾಸನೆ. ಮೈಕಿನ ಮುಂದೆ, ಕಸೂತಿಯ ಬಳೆಗೆ ಹಳೆಯ ಕಾಲ್ಚೀಲವನ್ನು ಬಿಗಿದು ಮಾಡಿದ ತೆರೆ. ಅದರಿಂದಾಗಿ 'ಪು' ಎಂಬ ಅಕ್ಷರವು ತನ್ನ ಪಟಾಕಿಯನ್ನು ಹೊರಗೇ ಬಿಟ್ಟು ಸಾತ್ತ್ವಿಕವಾಗಿ ಒಳಹೊಕ್ಕಿತು. ಅರ್ಧ ದೇಹವನ್ನು ಬೀರುವಿನೊಳಗೆ ತೂರಿಸಿ, ಬೆವರುತ್ತ, ಜರಿಯಂಚು ಕಿವಿಗೆ ತಾಗುತ್ತಿದ್ದರೂ ಲಕ್ಷಿಸದೆ ರಾಯರು ಹಾಡಿದರು. ಹೆಡ್‌ಫೋನ್ ಧರಿಸಿ ಕೇಳಿದರು. ಕಾಗೆಯಿಲ್ಲ, ಕುಕ್ಕರಿಲ್ಲ, ಗೋಡೆಯ ಗದ್ದಲವಿಲ್ಲ. ಇದ್ದುದು ಒಂದು ಕಂಠ ಮಾತ್ರ, ಸ್ವಚ್ಛವಾದ, ಪ್ರಾಮಾಣಿಕವಾದ, ಅರುವತ್ತಾರು ವರ್ಷದ ಕಂಠ. ಅವರ ಮುಖವು ಬಾಡಿತು. "ಎಲ್ಲ ಸರಿಯಾಗಿದೆಯಪ್ಪಾ, ಆದರೆ ನನ್ನ ಧ್ವನಿಯ ಮೈ ಎಲ್ಲಿ ಹೋಯಿತು?" ಎಂದರು. ಆ ಕ್ಷಣದಲ್ಲಿ ನನಗೆ ನಗು ಬರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು.

ಹುಡುಗನು ಏನೂ ಹೇಳದೆ ಕಂಪ್ಯೂಟರಿನ ಪರದೆಯ ಮೇಲೆ ರಿವರ್ಬ್ ಎಂಬ ಪಟ್ಟಿಯನ್ನು ತೆರೆದ. ಅದರಲ್ಲಿ ನಾದಕ್ಕೆ ಬೇಕಾದ ಮನೆಯನ್ನು ಕಟ್ಟಿಕೊಡಬಹುದಂತೆ. ದೊಡ್ಡ ಸಭಾಂಗಣವನ್ನು ಕಟ್ಟಿದ. ರಾಯರು ಮದುವೆಯ ಛತ್ರದಂತಿದೆಯೆಂದರು. ಇಗರ್ಜಿಯನ್ನು ಕಟ್ಟಿದ, ನಮಗಲ್ಲವೆಂದರು. ಕೋಣೆಯನ್ನು ಕುಗ್ಗಿಸುತ್ತ, ಗೋಡೆಗಳನ್ನು ನುಣುಪಾಗಿಸುತ್ತ ಒಂದು ಹಂತಕ್ಕೆ ತಂದಾಗ ರಾಯರು ಕುರ್ಚಿಯಿಂದ ಎದ್ದುನಿಂತು, "ಇದೇ! ಇದೇ ನನ್ನ ಧ್ವನಿ!" ಎಂದು ಗದ್ಗದಿತರಾದರು. ಸ್ಪೀಕರಿನಲ್ಲಿ ದೇವರನಾಮವು ತುಂಬುಗಂಭೀರವಾಗಿ ಮೊಳಗಿ ಎರಡನೆಯ ಚರಣಕ್ಕೆ ಬಂದಿತ್ತಷ್ಟೆ. ಅಡಿಗೆಮನೆಯಿಂದ ಶ್ರೀಮತಿಯವರ ಕೂಗು ಕೇಳಿಸಿತು:

"ರೀ, ಎಷ್ಟು ಹೊತ್ತು ಸ್ನಾನ ಮಾಡ್ತೀರಿ? ಬಿಸಿನೀರೆಲ್ಲ ಮುಗಿದುಹೋಗುತ್ತೆ!"

ರಾಯರು ಲೆಕ್ಕದ ಪುಸ್ತಕವನ್ನು ತರಿಸಿಕೊಂಡು, ಷರಾ ಅಂಕಣದಲ್ಲಿ, ತಮ್ಮ ಜೀವಮಾನದಲ್ಲಿ ಬಹು ವಿರಳವಾಗಿ ಬರೆದ ಎರಡು ಪದಗಳನ್ನು ದುಂಡಾಗಿ ಬರೆದರು: ಆಕ್ಷೇಪಣೆ ಇಲ್ಲ.